ಮೆಲುದನಿಗೆ ಹೊಂದಿಕೊಂಡ ಕೋಣೆ: ಜಿಮ್ ರೀವ್ಸ್ ಅವರ 1959ರ ಒಂದು ಧ್ವನಿಮುದ್ರಣದ ಅಧ್ಯಯನ

ಅಮೆರಿಕದ ಹಳ್ಳಿಗಾಡಿನಿಂದ ಬಂದ ಹಳೆಯ ಕಂಟ್ರಿ ಹಾಡುಗಳ ನಾದವನ್ನು ಇಂದಿನ ಧ್ವನಿಮುದ್ರಣದಲ್ಲಿ ಹಿಡಿಯಲು ಹೊರಟವರು ಮೊದಲು ವಿಚಾರಿಸುವುದು ಸಲಕರಣೆಗಳನ್ನು. ಯಾವ ಮೈಕ್ ಕೊಳ್ಳಬೇಕು? ಟೇಪಿನ ನಾದವನ್ನು ಅನುಕರಿಸುವ ಯಾವ ಪ್ಲಗಿನ್ (ಕಂಪ್ಯೂಟರಿನ ಉಪತಂತ್ರಾಂಶ) ಒಳ್ಳೆಯದು? ವಾಲ್ವ್ ಪ್ರಿಆಂಪ್ (ಮೈಕಿನ ಸಂಕೇತವನ್ನು ಹಿಗ್ಗಿಸುವ, ಗಾಜಿನ ನಳಿಕೆಯ ಯಂತ್ರ) ಇಲ್ಲದೆ ಕೆಲಸ ಆಗುತ್ತದೆಯೇ? ಇವು ಕೇಳಬಾರದ ಪ್ರಶ್ನೆಗಳಲ್ಲ. ಆದರೆ ಇವುಗಳಿಂದಲೇ ಆರಂಭಿಸಿದವರು ದಾರಿ ತಪ್ಪುತ್ತಾರೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆ ನಾದದ ಬಹುಪಾಲು ಯಂತ್ರವನ್ನು ತಲುಪುವ ಮೊದಲೇ, ನುಡಿಸುವವರ ನಡುವಿನ ಗಾಳಿಯಲ್ಲೇ ಸಿದ್ಧವಾಗಿರುತ್ತಿತ್ತು. ಇದನ್ನು ತೋರಿಸಲು ಒಂದೇ ಒಂದು ಹಾಡನ್ನು ಎತ್ತಿಕೊಳ್ಳುತ್ತೇನೆ: 1959ರ ಅಕ್ಟೋಬರ್ 15ರಂದು ನ್ಯಾಶ್‌ವಿಲ್‌ನ ಆರ್‌ಸಿಎ ಎಂಬ ಧ್ವನಿಮುದ್ರಿಕೆ ಕಂಪನಿಯ ಸ್ಟುಡಿಯೋದಲ್ಲಿ ಜಿಮ್ ರೀವ್ಸ್ ಹಾಡಿದ ‘ಹೀಲ್ ಹ್ಯಾವ್ ಟು ಗೋ’.

ಈ ಆಯ್ಕೆಗೆ ಒಂದು ಕಾರಣ ನಮ್ಮ ಊರಿನದೇ. ಅಮೆರಿಕದ ಕಂಟ್ರಿ ಗಾಯಕರಲ್ಲಿ ಭಾರತದ ಕಿವಿಗಳಿಗೆ ರೀವ್ಸ್ ಅವರಷ್ಟು ಹತ್ತಿರವಾದವರು ಇನ್ನೊಬ್ಬರಿಲ್ಲ. ಬೆಂಗಳೂರಿನ ಆಂಗ್ಲೋ ಇಂಡಿಯನ್ ಮನೆಗಳಲ್ಲಿ, ಕ್ರಿಸ್ಮಸ್ ಬಂತೆಂದರೆ ಅವರ ಹಾಡುಗಳು ಇವತ್ತಿಗೂ ಮೊಳಗುತ್ತವೆ. ಕಂಟ್ರಿ ಎಂಬ ಪ್ರಕಾರದ ಹೆಸರನ್ನೇ ಕೇಳದವರು ಕೂಡ ಆ ದನಿಯನ್ನು ಗುರುತಿಸಬಲ್ಲರು. ಅದು ಕಿವಿಯ ಪಕ್ಕದಲ್ಲೇ ಮಾತನಾಡುವಂಥ ದನಿ. ಹಾಗೆ ಪಕ್ಕದಲ್ಲೇ ಕುಳಿತಂತೆ ಕೇಳಿಸಲು ಏನೇನು ಆಗಬೇಕಾಯಿತು ಎಂಬುದೇ ಈ ಪ್ರಕರಣದ ತಿರುಳು.

ಗಾಯಕ ದನಿ ತಗ್ಗಿಸಿದ್ದು

1950ರ ದಶಕದ ಮಧ್ಯದಲ್ಲಿ ರಾಕ್ ಅಂಡ್ ರೋಲ್ ಅಬ್ಬರಕ್ಕೆ ಕಂಟ್ರಿ ಸಂಗೀತದ ಮಾರುಕಟ್ಟೆ ಕುಸಿಯಿತು. ಯುವಕರು ಎಲ್ವಿಸ್ ಕಡೆಗೆ ಹೊರಳಿದರು. ಆಗ ನ್ಯಾಶ್‌ವಿಲ್‌ನಲ್ಲಿ ಆರ್‌ಸಿಎಯ ಚೆಟ್ ಅಟ್ಕಿನ್ಸ್, ಡೆಕ್ಕಾ ಕಂಪನಿಯ ಓವನ್ ಬ್ರಾಡ್ಲಿ ಮುಂತಾದ ನಿರ್ಮಾಪಕರು ಇನ್ನೊಂದು ದಿಕ್ಕು ಹಿಡಿದರು. ಪಿಟೀಲು ಮತ್ತು ತಂತಿಯ ಮೇಲೆ ಲೋಹದ ತುಂಡನ್ನು ಜಾರಿಸಿ ನುಡಿಸುವ ಸ್ಟೀಲ್ ಗಿಟಾರ್‌ಗಳನ್ನು ಹಿಂದಕ್ಕೆ ಸರಿಸಿದರು, ಅಥವಾ ತೆಗೆದೇ ಹಾಕಿದರು. ಅವುಗಳ ಜಾಗಕ್ಕೆ ಪಿಯಾನೋ, ಮೃದುವಾದ ಗಾಯನ ವೃಂದ, ಕೆಲವೊಮ್ಮೆ ತಂತಿವಾದ್ಯಗಳ ಮೇಳ ಬಂದವು. ಇದಕ್ಕೆ ‘ನ್ಯಾಶ್‌ವಿಲ್ ಸೌಂಡ್’ ಎಂಬ ಹೆಸರು ಬಿತ್ತು. ಇದು ಕಂಟ್ರಿಯ ಜೀವವನ್ನೇ ತೆಗೆದ ಬದಲಾವಣೆ ಎಂದು ಬೇಸರಪಟ್ಟವರು ಆಗಲೂ ಇದ್ದರು, ಈಗಲೂ ಇದ್ದಾರೆ. ಕೆಟ್ಟ ಉದಾಹರಣೆಗಳನ್ನು ಕೇಳಿದಾಗ ನನಗೂ ಹಾಗೆಯೇ ಅನ್ನಿಸುತ್ತದೆ. ಎಲ್ಲ ಕಡೆ ಕೋರಸ್ ಸುರಿದು ಹಾಡನ್ನು ಮುಳುಗಿಸಿದ ಮುದ್ರಿಕೆಗಳು ಬೇಕಾದಷ್ಟಿವೆ. ರೀವ್ಸ್ ಅವರ ಈ ಹಾಡು ಅವುಗಳ ಸಾಲಿಗೆ ಸೇರುವುದಿಲ್ಲ. ಇಲ್ಲಿ ತೆಗೆದು ಹಾಕಿದ್ದು ಹೆಚ್ಚು, ಸೇರಿಸಿದ್ದು ಕಡಿಮೆ.

ಟೆಕ್ಸಾಸ್‌ನ ರೀವ್ಸ್ ಗಾಯಕರಾಗಿ ಹೆಸರು ಮಾಡುವ ಮೊದಲು ರೇಡಿಯೋ ಉದ್ಘೋಷಕರಾಗಿದ್ದವರು. ಶ್ರೀವ್‌ಪೋರ್ಟ್‌ನ ಕೆಡಬ್ಲ್ಯುಕೆಎಚ್ ಕೇಂದ್ರದಲ್ಲಿ, ‘ಲೂಸಿಯಾನಾ ಹೇರೈಡ್’ ಕಾರ್ಯಕ್ರಮದಲ್ಲಿ ಮಾತನಾಡಿ ಪಳಗಿದವರು. ಆದರೂ ಅವರ ಆರಂಭದ ಯಶಸ್ವಿ ಹಾಡುಗಳಲ್ಲಿ ಆ ಪಳಗಿದ ದನಿ ಇಲ್ಲ. ಆಗಿನ ಕಂಟ್ರಿ ಗಾಯಕರಂತೆ ಅವರೂ ಏರುದನಿಯಲ್ಲಿ, ಮೈಕ್‌ನಿಂದ ದೂರ ನಿಂತು ಹಾಡುತ್ತಿದ್ದರು. 1957ರಲ್ಲಿ ‘ಫೋರ್ ವಾಲ್ಸ್’ ಎಂಬ ಹಾಡಿನಲ್ಲಿ ಅವರು ಸ್ಥಾಯಿ ಇಳಿಸಿ, ತುಟಿಗಳು ಮೈಕ್‌ಗೆ ತಾಗುವಷ್ಟು ಹತ್ತಿರ ನಿಂತು ಹಾಡಿದರು. ಆರ್‌ಸಿಎ ಒಳಗೆ ಇದಕ್ಕೆ ಆಕ್ಷೇಪ ಬಂತು. ಅಟ್ಕಿನ್ಸ್ ಗಾಯಕನ ಪರವಾಗಿ ನಿಂತರು. ಆ ಹಾಡು ಗೆದ್ದಿತು, ಮತ್ತು ರೀವ್ಸ್ ಅವರ ಗಾಯನದ ದಾರಿಯೇ ಅಲ್ಲಿಂದ ಬದಲಾಯಿತು.

1959ರ ಹಾಡಿಗೆ ಬರುವಷ್ಟರಲ್ಲಿ ಅವರು ಈ ರೀತಿಯಲ್ಲಿ ಪೂರ್ತಿ ನುರಿತಿದ್ದರು. ಹಾಡು ಬರೆದವರು ಜೋ ಆಲಿಸನ್ ಮತ್ತು ಆಡ್ರಿ ಆಲಿಸನ್ ದಂಪತಿ. ಬಿಲ್ಲಿ ಬ್ರೌನ್ ಎಂಬ ಗಾಯಕ ಇದನ್ನು ಮೊದಲೇ ಹಾಡಿದ್ದರು, ಅದು ಹೆಚ್ಚು ದೂರ ಹೋಗಲಿಲ್ಲ. ಸಾಹಿತ್ಯದ ಸನ್ನಿವೇಶ ಸರಳವಾಗಿದೆ. ಒಬ್ಬಾತ ಬಾರ್‌ನಿಂದ ತನ್ನ ಪ್ರಿಯೆಗೆ ಫೋನ್ ಮಾಡುತ್ತಾನೆ. ಅವಳ ಜೊತೆಯಲ್ಲಿ ಬೇರೊಬ್ಬನಿದ್ದಾನೆ. ತುಟಿಗಳನ್ನು ಫೋನಿಗೆ ಇನ್ನಷ್ಟು ಹತ್ತಿರ ತರುವಂತೆ ಅವಳಿಗೆ ಹೇಳುತ್ತಾನೆ. ತನ್ನ ಕಡೆಯ, ನಾಣ್ಯ ಹಾಕಿದರೆ ಹಾಡು ನುಡಿಸುವ ಜೂಕ್‌ಬಾಕ್ಸಿನ ಸದ್ದನ್ನು ತಗ್ಗಿಸಲು ಹೇಳುವುದಾಗಿ ಭರವಸೆ ಕೊಡುತ್ತಾನೆ.

ಧ್ವನಿಮುದ್ರಣ ಕಲಿಯುವವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಹಾಡಿನ ಮೊದಲ ಸಾಲುಗಳೇ ಮೈಕ್ ಎಲ್ಲಿರಬೇಕು, ಹಿನ್ನೆಲೆ ಎಷ್ಟಿರಬೇಕು ಎಂದು ಹೇಳಿಬಿಡುತ್ತವೆ. ಬಾಯಿ ಹತ್ತಿರ ಇರಬೇಕು, ಸುತ್ತಲಿನ ವಾದ್ಯಗಳು ಕೆಳಗಿರಬೇಕು. ಇದೇ ಸಾಹಿತ್ಯವನ್ನು ಏರುದನಿಯಲ್ಲಿ, ದೊಡ್ಡ ಮೇಳದ ಎದುರು ಹಾಡಿದ್ದರೆ ಕೇಳುಗ ನಂಬುತ್ತಿರಲಿಲ್ಲ. ನ್ಯಾಶ್‌ವಿಲ್‌ನ ಆ ತಂಡ ಸಾಹಿತ್ಯದ ಮಾತನ್ನು ಅಕ್ಷರಶಃ ಪಾಲಿಸಿತು. ಹಳೆಯ ನಾದವನ್ನು ಬಯಸುವವರಿಗೆ ನಾನು ಮೊದಲು ಕೇಳುವ ಪ್ರಶ್ನೆ ಇದೇ: ನಿಮ್ಮ ಹಾಡಿನಲ್ಲಿ ಯಾರು, ಯಾರಿಗೆ, ಎಷ್ಟು ದೂರದಿಂದ ಮಾತನಾಡುತ್ತಿದ್ದಾರೆ?

ಹತ್ತಿರದ ಲೆಕ್ಕ

ಮೈಕ್‌ಗೆ ಹತ್ತಿರ ಹೋದರೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ, ಏಕೆಂದರೆ ಬಹಳಷ್ಟು ಜನ ಎಡವುವುದು ಇಲ್ಲೇ.

ಮೊದಲನೆಯದು, ಒಂದೇ ದಿಕ್ಕಿಗೆ ಕಿವಿಗೊಡುವ ಮೈಕ್‌ಗಳು ಬಾಯಿ ಹತ್ತಿರ ಬಂದಂತೆ ಕೆಳಗಿನ ಕಂಪನಾಂಕಗಳನ್ನು ಉಬ್ಬಿಸುತ್ತವೆ. ಇದಕ್ಕೆ ಸಾಮೀಪ್ಯ ಪರಿಣಾಮ ಎನ್ನುತ್ತಾರೆ. ರೀವ್ಸ್ ಅವರದು ಮೊದಲೇ ಮಂದ್ರದ ಕಡೆಗೆ ವಾಲಿದ ದನಿ. ಅದು ಹತ್ತಿರ ಬಂದಾಗ ಎದೆಯ ಮೇಲೆ ಕೈಯಿಟ್ಟಂಥ ತುಂಬು ಸಿಗುತ್ತದೆ. ಆ ಕಾಲದ ಅಮೆರಿಕದ ಸ್ಟುಡಿಯೋಗಳಲ್ಲಿ ಗಾಯನಕ್ಕೆ ಮೆಚ್ಚಿನದಾಗಿದ್ದ ನ್ಯೂಮನ್ ಯು 47ರಂಥ ವಾಲ್ವ್ ಮೈಕ್ ಆಗಲಿ, ಆರ್‌ಸಿಎಯ ಸ್ವಂತ ರಿಬ್ಬನ್ ಮೈಕ್ ಆಗಲಿ, ಈ ಉಬ್ಬನ್ನು ಧಾರಾಳವಾಗಿ ಕೊಡುವಂಥವು.

ಎರಡನೆಯದು ಹೆಚ್ಚು ಮುಖ್ಯ. ದೂರ ಅರ್ಧವಾದರೆ ಮೈಕ್‌ಗೆ ತಲುಪುವ ನೇರ ಧ್ವನಿಯ ಮಟ್ಟ ಸುಮಾರು 6 ಡೆಸಿಬಲ್ (ಸದ್ದಿನ ಮಟ್ಟದ ಅಳತೆ) ಏರುತ್ತದೆ. 30 ಸೆಂಟಿಮೀಟರ್ ದೂರದಲ್ಲಿದ್ದ ಬಾಯಿ 7.5 ಸೆಂಟಿಮೀಟರಿಗೆ ಬಂದರೆ ಸುಮಾರು 12 ಡೆಸಿಬಲ್ ಲಾಭ. ನಾಲ್ಕು ಮೀಟರ್ ದೂರದಲ್ಲಿರುವ ಡ್ರಮ್ಸ್‌ನಿಂದ ಆ ಮೈಕ್‌ಗೆ ಸೋರಿಬರುವ ಸದ್ದು ಮಾತ್ರ ಅಷ್ಟೇ ಇರುತ್ತದೆ. ಹಾಗಾಗಿ ಹತ್ತಿರ ನಿಂತರೆ ಸೋರಿಕೆ ತಾನಾಗಿ ಕಡಿಮೆಯಾಗುತ್ತದೆ ಎಂದು ಎಲ್ಲ ಪಠ್ಯಗಳೂ ಹೇಳುತ್ತವೆ. ಗಾಯಕ ಅದೇ ಗಟ್ಟಿದನಿಯಲ್ಲಿ ಹಾಡುತ್ತಿದ್ದರೆ ಆ ಮಾತು ನಿಜ. ಆದರೆ ಹತ್ತಿರ ಬಂದವನು ದನಿಯನ್ನೂ 12 ಡೆಸಿಬಲ್ ತಗ್ಗಿಸಿದರೆ? ಲಾಭ ಪೂರ್ತಿ ಅಳಿಸಿಹೋಗುತ್ತದೆ. ಡ್ರಮ್ಸ್ ಮತ್ತು ದನಿಯ ನಡುವಿನ ಅಂತರ ಮೊದಲಿದ್ದಲ್ಲಿಗೇ ಬಂದು ನಿಲ್ಲುತ್ತದೆ. ಮೆಲುದನಿಯಲ್ಲಿ ಹಾಡುವ ಗಾಯಕನನ್ನು ಮೈಕ್ ರಕ್ಷಿಸಲಾರದು. ಅವನನ್ನು ರಕ್ಷಿಸಬೇಕಾದವರು ಅದೇ ಕೋಣೆಯಲ್ಲಿರುವ ವಾದಕರು.

ಇಡೀ ಪ್ರಕರಣ ತಿರುಗುವುದು ಈ ಬಿಂದುವಿನ ಮೇಲೆ. ರೀವ್ಸ್ ದನಿ ತಗ್ಗಿಸಿದ ಕೂಡಲೇ ಕೋಣೆಯಲ್ಲಿದ್ದ ಪ್ರತಿಯೊಬ್ಬರೂ ಕೈ ತಗ್ಗಿಸಬೇಕಾಯಿತು. ಡ್ರಮ್ಸ್‌ನಲ್ಲಿ ಬಡ್ಡಿ ಹಾರ್ಮನ್, ಬಾಸ್‌ನಲ್ಲಿ ಬಾಬ್ ಮೂರ್, ಗಿಟಾರ್‌ನಲ್ಲಿ ಹ್ಯಾಂಕ್ ಗಾರ್ಲಂಡ್, ಪಿಯಾನೋದಲ್ಲಿ ಫ್ಲಾಯ್ಡ್ ಕ್ರೇಮರ್, ವೈಬ್ರಫೋನ್‌ನಲ್ಲಿ (ಲೋಹದ ಪಟ್ಟಿಗಳನ್ನು ಕೋಲಿನಿಂದ ತಟ್ಟಿ ನುಡಿಸುವ ವಾದ್ಯ) ಮಾರ್ವಿನ್ ಹ್ಯೂಸ್, ಹಿಂದೆ ಅನಿತಾ ಕೆರ್ ಅವರ ಗಾಯನ ವೃಂದ. ಇವರಲ್ಲಿ ಹೆಚ್ಚಿನವರು ವಾರದ ಎಲ್ಲ ದಿನ ಇದೇ ಕೆಲಸ ಮಾಡುತ್ತಿದ್ದವರು. ಮೂರು ಗಂಟೆಯ ಸೆಷನ್‌ನಲ್ಲಿ ಮೂರ್ನಾಲ್ಕು ಹಾಡು ಮುಗಿಸುವುದು ಅಲ್ಲಿನ ವಾಡಿಕೆ. ಬರೆದಿಟ್ಟ ಸ್ವರಪಟ್ಟಿಯಿಲ್ಲದೆ ಕೇಳಿಸಿಕೊಂಡು ಅಲ್ಲೇ ಜೋಡಿಸುವ ಈ ವಾದಕರ ನಿಜವಾದ ಕೌಶಲ ವೇಗದಲ್ಲಿರಲಿಲ್ಲ. ಸ್ಪಷ್ಟತೆ ಕಳೆದುಕೊಳ್ಳದೆ ಮೆಲ್ಲಗೆ ನುಡಿಸುವುದರಲ್ಲಿತ್ತು.

ಕೇಳಲು ಸುಲಭ, ಮಾಡಲು ಬಹಳ ಕಷ್ಟ. ಮೆಲ್ಲಗೆ ನುಡಿಸುವಾಗ ಲಯ ಸಡಿಲವಾಗುವುದು, ಬೆರಳು ಹಿಂಜರಿಯುವುದು ಸಹಜ. ಗಟ್ಟಿಯಾಗಿ ನುಡಿಸಿ ನಂತರ ಫೇಡರ್ (ಮಟ್ಟ ಏರಿಸಿ ಇಳಿಸುವ ಜಾರುಗುಂಡಿ) ಇಳಿಸಿದರೆ ಅದೇ ಫಲ ಸಿಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಸಿಗುವುದಿಲ್ಲ. ಜೋರಾಗಿ ಹೊಡೆದ ಸ್ನೇರ್ ಡ್ರಮ್ಮಿನ ಸ್ವರವರ್ಣವೇ ಬೇರೆ. ಅದರ ಮೇಲಿನ ಕಂಪನಗಳು ಹರಿತವಾಗಿರುತ್ತವೆ, ಚರ್ಮದ ಸ್ವರ ಬಾಗುತ್ತದೆ. ಮಟ್ಟವನ್ನು ಎಷ್ಟೇ ಇಳಿಸಿದರೂ ಅದು ದೂರದಲ್ಲಿ ಹೊಡೆದ ಪೆಟ್ಟಿನಂತೆ ಕೇಳಿಸುತ್ತದೆ, ಹತ್ತಿರದಲ್ಲಿ ಬ್ರಶ್ ಸವರಿದಂತೆ ಕೇಳಿಸುವುದಿಲ್ಲ. ಪಿಯಾನೋ, ಬಾಸ್, ಮನುಷ್ಯನ ಗಂಟಲು ಎಲ್ಲವೂ ಹೀಗೆಯೇ.

ಕನ್ನಡಿಗರಿಗೆ ಈ ಶಿಸ್ತು ಪರಕೀಯವಲ್ಲ. ಮದ್ರಾಸಿನ ಸ್ಟುಡಿಯೋಗಳಲ್ಲಿ ನಮ್ಮ ಚಲನಚಿತ್ರ ಗೀತೆಗಳೂ ದಶಕಗಳ ಕಾಲ ಗಾಯಕರು ಮತ್ತು ವಾದ್ಯವೃಂದ ಒಟ್ಟಿಗೇ ಕೂಡಿ ಮುದ್ರಿತವಾದವು. ಪಿ.ಬಿ. ಶ್ರೀನಿವಾಸ್ ಅವರ ಮೆಲುದನಿ ಆ ಮುದ್ರಿಕೆಗಳಲ್ಲಿ ಅಷ್ಟು ನಿರಾಳವಾಗಿ ತೇಲುವುದಕ್ಕೆ ಅವರ ಕಂಠ ಎಷ್ಟು ಕಾರಣವೋ, ಅವರ ಸುತ್ತ ತಗ್ಗಿ ನುಡಿಸಿದ ಹೆಸರಿಲ್ಲದ ವಾದಕರೂ ಅಷ್ಟೇ ಕಾರಣ. ಆ ವಾದಕರ ಬಗ್ಗೆ ನಾವು ಬರೆದದ್ದು ತೀರಾ ಕಡಿಮೆ. ಇರಲಿ, ಅದು ಬೇರೆಯದೇ ಒಂದು ಅಧ್ಯಯನ.

ಕೋಣೆ ಮತ್ತು ಅದರ ದೋಷ

ಆ ಸ್ಟುಡಿಯೋ ಈಗ ‘ಸ್ಟುಡಿಯೋ ಬಿ’ ಎಂದು ಪ್ರಸಿದ್ಧ. ಆರ್‌ಸಿಎಯ ಸ್ಟೀವ್ ಶೋಲ್ಸ್ ಮತ್ತು ಅಟ್ಕಿನ್ಸ್ ಅವರ ಒತ್ತಾಯದಿಂದ 1957ರಲ್ಲಿ ತಲೆಯೆತ್ತಿದ ಕಟ್ಟಡ. ಮುದ್ರಣ ಕೊಠಡಿ 42.5 ಅಡಿ ಉದ್ದ, 27 ಅಡಿ ಅಗಲ, 13 ಅಡಿ ಎತ್ತರ. ಈ ಅಳತೆಗಳನ್ನು ಒಮ್ಮೆ ಲೆಕ್ಕ ಹಾಕಿ ನೋಡಿ. ಅಗಲ ಹೆಚ್ಚುಕಡಿಮೆ ಎತ್ತರದ ಎರಡರಷ್ಟಿದೆ. ನೆಲ ಮತ್ತು ಚಾವಣಿಯ ನಡುವೆ ಹುಟ್ಟುವ ಮೊದಲ ಅನುನಾದ, ಅಂದರೆ ಸದ್ದು ಅವುಗಳ ನಡುವೆ ಹೋಗಿ ಬಂದು ಉಬ್ಬುವ ಕಂಪನಾಂಕ, ಸುಮಾರು 43 ಹರ್ಟ್ಸ್ (ಸೆಕೆಂಡಿಗೆ 43 ಕಂಪನ). ಅಕ್ಕಪಕ್ಕದ ಗೋಡೆಗಳ ನಡುವಿನ ಎರಡನೆಯ ಅನುನಾದ ಸುಮಾರು 42 ಹರ್ಟ್ಸ್. ಎರಡೂ ಒಂದರ ಮೇಲೊಂದು ಕೂರುತ್ತವೆ. ಬಾಸ್ ವಾದ್ಯದ ಅತಿ ಕೆಳಗಿನ ತಂತಿಯ ಸ್ವರ 41 ಹರ್ಟ್ಸ್‌ನ ಆಸುಪಾಸಿನಲ್ಲೇ ಇದೆ. ಅದರ ಇಮ್ಮಡಿ, ಅಂದರೆ 80ರ ಮೇಲಿನ ಭಾಗದಲ್ಲೂ ಇದೇ ಕೂಡಿಕೆ ಮರುಕಳಿಸುತ್ತದೆ. ಒಂದು ಮೂಲೆಯಲ್ಲಿ ಬಾಸ್ ಉಬ್ಬಿ ಗುಂಯ್ ಎನ್ನುವ, ಇನ್ನೊಂದು ಕಡೆ ಮಾಯವಾಗುವ ಕೋಣೆಗೆ ಇದು ಹೇಳಿ ಮಾಡಿಸಿದ ಅಳತೆ!

ಈ ಕೋಣೆಯನ್ನು ಪಳಗಿಸಿದವರು ಬಿಲ್ ಪೋರ್ಟರ್. ನ್ಯಾಶ್‌ವಿಲ್‌ನ ದೂರದರ್ಶನ ಕೇಂದ್ರವೊಂದರಲ್ಲಿ ಕೆಲಸ ಮಾಡುತ್ತಿದ್ದ ಅವರು 1959ರಲ್ಲಿ ಇಲ್ಲಿಗೆ ಮುಖ್ಯ ಎಂಜಿನಿಯರ್ ಆಗಿ ಬಂದರು. ಫೈಬರ್‌ಗ್ಲಾಸ್‌ನ ಚಾವಣಿ ಹಲಗೆಗಳನ್ನು ಕತ್ತರಿಸಿ ಪಿರಮಿಡ್ ಆಕಾರಕ್ಕೆ ಜೋಡಿಸಿ, ಬೇರೆ ಬೇರೆ ಎತ್ತರದಲ್ಲಿ ತೂಗುಹಾಕಿದರು. ವಾದಕರು ಅವನ್ನು ‘ಪೋರ್ಟರ್ ಪಿರಮಿಡ್’ ಎಂದು ಕರೆದರು. ಈ ಅನುನಾದ ಅತಿ ಕಡಿಮೆ ಇರುವ ಜಾಗಗಳನ್ನು ಹುಡುಕಿ ನೆಲದ ಮೇಲೆ ಗುರುತು ಹಾಕಿದರು. ಮೈಕ್‌ಗಳು ಆ ಗುರುತಿನ ಮೇಲೆಯೇ ನಿಲ್ಲಬೇಕು.

ದುಬಾರಿ ಪರಿಹಾರ ಇದಲ್ಲ. ಅಳೆದು, ಕೇಳಿ, ಗುರುತು ಹಾಕುವ ತಾಳ್ಮೆಯ ಕೆಲಸ. ಮನೆಯ ಕೋಣೆಯಲ್ಲಿ ಮುದ್ರಿಸುವವರು ಇಂದೇ ಮಾಡಬಹುದಾದದ್ದು ಇದೊಂದೇ. ಬಾಸ್ ವಾದಕರನ್ನು ಒಂದೊಂದೇ ಸ್ವರವನ್ನು ಸಮನಾಗಿ ನುಡಿಸಲು ಹೇಳಿ, ಮೈಕನ್ನು ಹಿಡಿದುಕೊಂಡು ಕೋಣೆಯಲ್ಲಿ ನಿಧಾನವಾಗಿ ನಡೆದಾಡಿ. ಎಲ್ಲ ಸ್ವರಗಳೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಕೇಳಿಸುವ ಜಾಗ ಸಿಕ್ಕೇ ಸಿಗುತ್ತದೆ. ಸೀಮೆಸುಣ್ಣದಿಂದ ಗುರುತು ಹಾಕಿ.

ಯಾವುದರ ಜಾಗ ಯಾವುದು

ಹಾಡನ್ನು ಕಣ್ಣು ಮುಚ್ಚಿ ಕೇಳಿ. ಎರಡು ನಿಮಿಷಕ್ಕಿಂತ ತುಸು ಹೆಚ್ಚಿನ ಮುದ್ರಿಕೆ. ದನಿ ಎದುರಿಗಿದೆ, ಬಾಸ್ ಅದರ ಕೆಳಗೆ ನಡೆಯುತ್ತದೆ, ಮಿಕ್ಕದ್ದೆಲ್ಲ ತೆಳು. ದನಿ ಒಂದು ಸಾಲನ್ನು ಮುಗಿಸಿ ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಮಾತ್ರ ಇತರ ವಾದ್ಯಗಳು ಮುಖ ತೋರಿಸುತ್ತವೆ. ಗಾಯನ ವೃಂದವೂ ಸಾಲುಗಳ ಮೇಲೆ ಏರಿ ಬರುವುದಿಲ್ಲ.

ವೈಬ್ರಫೋನ್ ಬಳಕೆ ನನಗೆ ಈ ಮುದ್ರಿಕೆಯ ಅತ್ಯಂತ ಸೂಕ್ಷ್ಮವಾದ ನಿರ್ಧಾರವಾಗಿ ಕಾಣುತ್ತದೆ. ಸಾಮಾನ್ಯ ಕಂಟ್ರಿ ಹಾಡಾಗಿದ್ದರೆ ಆ ಜಾಗದಲ್ಲಿ ಸ್ಟೀಲ್ ಗಿಟಾರ್ ಇರುತ್ತಿತ್ತು. ಸ್ಟೀಲ್ ಗಿಟಾರ್ ಜಾರುತ್ತದೆ, ಅಳುತ್ತದೆ, ಕಿವಿಯನ್ನು ತನ್ನ ಕಡೆಗೆ ಎಳೆಯುತ್ತದೆ. ಅದು ಎರಡನೆಯ ಗಾಯಕನಿದ್ದಂತೆ. ವೈಬ್ರಫೋನ್ ಸ್ವರವನ್ನು ಹೊರಡಿಸಿ ಸುಮ್ಮನಾಗುತ್ತದೆ, ಅದರ ನಾದ ತಾನಾಗಿ ಕರಗುತ್ತದೆ. ಮೂರು ಆಕ್ಟೇವಿನ ಈ ವಾದ್ಯದ ವ್ಯಾಪ್ತಿ ಸುಮಾರು 175ರಿಂದ 1,400 ಹರ್ಟ್ಸ್ ತನಕ. ಕೆಳಭಾಗ ಬಿಟ್ಟು ಮೇಲಿನ ಸ್ವರಗಳನ್ನಷ್ಟೇ ನುಡಿಸಿದರೆ ಮಂದ್ರದ ದನಿಗೆ ಅಡ್ಡವೇ ಬರುವುದಿಲ್ಲ. ಒಬ್ಬನೇ ಕುಳಿತ ಬಾರ್‌ನ ತಡರಾತ್ರಿಯ ವಾತಾವರಣವನ್ನು ಬೇರೆ ಅದು ಸದ್ದಿಲ್ಲದೆ ಕಟ್ಟಿಕೊಡುತ್ತದೆ.

ಈಗಿನ ಮಿಕ್ಸಿಂಗ್‌ನಲ್ಲಿ, ಅಂದರೆ ಮುದ್ರಿಸಿದ ವಾದ್ಯಗಳನ್ನು ಬೆರೆಸಿ ಹೊಂದಿಸುವಾಗ, ಈಕ್ವಲೈಸರ್ (ಬೇಕಾದ ಕಂಪನಾಂಕಗಳನ್ನು ಏರಿಸಿ ಇಳಿಸುವ ಸಾಧನ) ಬಳಸಿ ಒಂದೊಂದು ವಾದ್ಯಕ್ಕೂ ಜಾಗ ಕೆತ್ತುವ ಅಭ್ಯಾಸವಿದೆ. ಗಿಟಾರ್‌ನಿಂದ 300 ಹರ್ಟ್ಸ್ ತೆಗೆ, ಪಿಯಾನೋದ ಮಧ್ಯಭಾಗ ಕತ್ತರಿಸು, ಹೀಗೆ. 1959ರಲ್ಲಿ ಆ ಜಾಗವನ್ನು ಕೊಟ್ಟದ್ದು ಸ್ವರಗಳ ಆಯ್ಕೆ. ಪಿಯಾನೋದ ಎಡಗೈ ಬಾಸ್‌ನ ಹೊಲಕ್ಕೆ ಇಳಿಯಲಿಲ್ಲ. ಗಿಟಾರ್ ಆರೂ ತಂತಿಗಳನ್ನು ಒಟ್ಟಿಗೆ ಬಾರಿಸಲಿಲ್ಲ. ಹೀಗೆ ನುಡಿಸಿದ ಮುದ್ರಿಕೆಗೆ ಕತ್ತರಿ ಬೇಕಾಗುವುದಿಲ್ಲ, ಹೀಗೆ ನುಡಿಸದ ಮುದ್ರಿಕೆಯನ್ನು ಕತ್ತರಿ ಉಳಿಸಲಾರದು.

ಪೋರ್ಟರ್ ಕೇವಲ ಒಂದೇ ಸೂತ್ರಕ್ಕೆ ಅಂಟಿಕೊಂಡವರಲ್ಲ. ಮರುವರ್ಷ ಗಾಯಕ ರಾಯ್ ಆರ್ಬಿಸನ್ ಅವರ ‘ಓನ್ಲಿ ದಿ ಲೋನ್ಲಿ’ ಮುದ್ರಿಸುವಾಗ ಅವರು ವಾಡಿಕೆಯ ಕ್ರಮವನ್ನೇ ತಿರುವಿ ಹಾಕಿದರು. ಡ್ರಮ್ಸ್ ಮತ್ತು ಬಾಸ್‌ಗಳಿಂದ ಮೇಲಕ್ಕೆ ಕಟ್ಟುವ ಬದಲು, ಹತ್ತಿರದ ಮೈಕಿನಲ್ಲಿ ಹಿಡಿದ ಹಿನ್ನೆಲೆ ಗಾಯನದಿಂದ ಆರಂಭಿಸಿ ಕೆಳಕ್ಕೆ ಬಂದರು. ಲಯವಾದ್ಯಗಳು ಕೊನೆಗೆ, ಮೆಲ್ಲಗೆ ಸೇರಿದವು. ಮಿಕ್ಸ್ ಮಾಡಲು ಕುಳಿತಾಗ ನಾನು ಎಲ್ಲರಿಗೂ ಶಿಫಾರಸು ಮಾಡುವ ಕ್ರಮ ಇದೇ. ಮೊದಲು ದನಿಯನ್ನು ಅದರ ಸಹಜ ಮಟ್ಟದಲ್ಲಿ ನಿಲ್ಲಿಸಿ, ಉಳಿದವುಗಳನ್ನು ಅದಕ್ಕೆ ತೊಂದರೆಯಾಗದಷ್ಟೇ ತನ್ನಿ. ಡ್ರಮ್ಸ್‌ನಿಂದ ಶುರುಮಾಡಿದರೆ ಕೊನೆಗೆ ದನಿಗೆ ಉಳಿಯುವುದು ಇಕ್ಕಟ್ಟಿನ ಜಾಗ. ಆಮೇಲೆ ಕಂಪ್ರೆಸರ್ (ಸದ್ದಿನ ಏರಿಳಿತವನ್ನು ಕುಗ್ಗಿಸುವ ಸಾಧನ) ಹಾಕಿ ದನಿಯನ್ನು ಹೊರಕ್ಕೆ ದೂಡಬೇಕಾಗುತ್ತದೆ, ಮತ್ತು ಅಲ್ಲಿಗೆ ಹಳೆಯ ನಾದ ಮುಗಿಯಿತು.

ಪ್ರತಿಧ್ವನಿಯ ತಗಡು

ಸ್ಟುಡಿಯೋ ಬಿಯಲ್ಲಿ ಪ್ರತಿಧ್ವನಿಯ ಪ್ರತ್ಯೇಕ ಕೊಠಡಿಯೂ ಇತ್ತು, ಜರ್ಮನಿಯ ಇಎಂಟಿ 140 ಎಂಬ ಯಂತ್ರವೂ ಸೇರಿಕೊಂಡಿತು. 1957ರಲ್ಲಿ ಬಂದ ಈ ಯಂತ್ರದ ಒಳಗೆ ಸುಮಾರು ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲ, ಅರ್ಧ ಮಿಲಿಮೀಟರ್ ದಪ್ಪದ ಉಕ್ಕಿನ ಹಾಳೆಯನ್ನು ಚೌಕಟ್ಟಿನಲ್ಲಿ ಬಿಗಿದು ತೂಗುಹಾಕಿರುತ್ತಾರೆ. ಒಂದು ಕಡೆಯಿಂದ ಧ್ವನಿಯ ಕಂಪನವನ್ನು ಹಾಳೆಗೆ ಉಣಿಸಿ, ಇನ್ನೊಂದು ಕಡೆಯಿಂದ ಅದರ ಅನುರಣನವನ್ನು (ಸದ್ದು ನಿಂತ ಮೇಲೂ ಉಳಿಯುವ ಗುಂಗನ್ನು) ಎತ್ತಿಕೊಳ್ಳುತ್ತಾರೆ. ಪೋರ್ಟರ್ ಇದರಲ್ಲೂ ಕೈಯಾಡಿಸಿದರು. ಹಾಳೆಯ ಬಿಗಿತವನ್ನು ಹೆಚ್ಚಿಸಿ, ಯಂತ್ರವನ್ನು ತಂಪಾದ ಜಾಗದಲ್ಲಿಟ್ಟು, ಅನುರಣನ ಹೊಳಪಾಗಿರುವಂತೆ ನೋಡಿಕೊಂಡರು.

ಈ ಹಾಳೆಯನ್ನು ಅನುಕರಿಸುವ ಇವತ್ತಿನ ಪ್ಲೇಟ್ ಪ್ಲಗಿನ್‌ಗಳು ಚೆನ್ನಾಗಿವೆ, ಅದರಲ್ಲಿ ಸಂಶಯವಿಲ್ಲ. ತಪ್ಪುವುದು ಪ್ರಮಾಣದಲ್ಲಿ. ಹಾಳೆಯ ಅನುರಣನ ಕ್ಷಣಮಾತ್ರದಲ್ಲಿ ದಟ್ಟವಾಗುತ್ತದೆ. ಹತ್ತಿರದಿಂದ ಹಾಡಿದ ದನಿಗೆ ಅದನ್ನು ನೇರವಾಗಿ, ಹೆಚ್ಚಾಗಿ ಸೇರಿಸಿದರೆ ಹತ್ತಿರವೆಂಬ ಭಾವವೇ ಕರಗಿಹೋಗುತ್ತದೆ. ಆ ಕಾಲದಲ್ಲಿ ದನಿಯನ್ನು ಮೊದಲು ಟೇಪ್ ಯಂತ್ರವೊಂದರ ಮೂಲಕ ಹಾಯಿಸಿ, ಅದರ ಬರೆಯುವ ಮತ್ತು ಓದುವ ಎರಡು ಹೆಡ್‌ಗಳ ನಡುವಿನ ವಿಳಂಬವನ್ನು ಪಡೆದು, ನಂತರ ಅನುರಣನಕ್ಕೆ ಕಳಿಸುವುದು ಅನೇಕ ಸ್ಟುಡಿಯೋಗಳ ಪದ್ಧತಿಯಾಗಿತ್ತು. ಸೆಕೆಂಡಿಗೆ 15 ಅಂಗುಲ ಓಡುವ ಟೇಪಿನಲ್ಲಿ ಹೆಡ್‌ಗಳ ನಡುವೆ ಎರಡು ಅಂಗುಲವಿದ್ದರೆ ವಿಳಂಬ ಸುಮಾರು 130 ಮಿಲಿಸೆಕೆಂಡ್. ನಿಧಾನ ಗತಿಯ ಹಾಡಿಗೆ ಇದು ಹಿತವಾಗಿ ಹೊಂದುತ್ತದೆ. ಪದ ಮೊದಲು ಒಣದಾಗಿ, ಸ್ಪಷ್ಟವಾಗಿ ಕಿವಿಗೆ ಬೀಳುತ್ತದೆ, ಅದರ ನೆರಳು ಆಮೇಲೆ ಬರುತ್ತದೆ. ಅನುರಣನಕ್ಕೆ ಕಳಿಸುವ ದಾರಿಯಲ್ಲಿ 200 ಹರ್ಟ್ಸ್‌ಗಿಂತ ಕೆಳಗಿನದನ್ನು ಸೋಸಿಬಿಡಿ. ಸಾಮೀಪ್ಯದಿಂದ ಬಂದ ತುಂಬು ನೇರ ದನಿಯಲ್ಲಷ್ಟೇ ಉಳಿಯಲಿ.

ಟೇಪ್ ಎಂಬ ಭ್ರಮೆ

ಟೇಪಿನ ಬಿಸುಪು ಎಂಬ ಮಾತು ಈಗ ಎಲ್ಲೆಡೆ ಕೇಳಿಬರುತ್ತದೆ. ಟೇಪ್ ಪ್ಲಗಿನ್‌ಗಳಲ್ಲಿ ಬಿಸುಪು ಕೂಡಿಸುವ ಗುಂಡಿಯನ್ನು ಪೂರ್ತಿ ತಿರುಗಿಸಿ, ಧ್ವನಿ ಒಡೆಯುವ ಅಂಚಿಗೆ ತಂದು, ಇದೇ ಹಳೆಯ ನಾದ ಎನ್ನುತ್ತಾರೆ. ಆಗಿನ ಎಂಜಿನಿಯರ್‌ಗಳ ಉದ್ದೇಶ ಇದಕ್ಕೆ ಪೂರ್ತಿ ವಿರುದ್ಧವಾಗಿತ್ತು. ಡಾಲ್ಬಿಯ ಶಬ್ದ ನಿವಾರಣ ವ್ಯವಸ್ಥೆ ಬಂದದ್ದು 1960ರ ದಶಕದ ಮಧ್ಯದಲ್ಲಿ. ಅದಕ್ಕೆ ಮೊದಲು ಟೇಪಿನ ಉಸ್ ಎಂಬ ಸದ್ದು ಮತ್ತು ಒಡಕಿನ ನಡುವಿನ ಕಿರಿದಾದ ದಾರಿಯಲ್ಲಿ ಅವರು ನಡೆಯಬೇಕಿತ್ತು. ಸಾಧ್ಯವಾದಷ್ಟು ಶುಭ್ರವಾಗಿ ಹಿಡಿಯುವುದೇ ಅವರ ಹೆಮ್ಮೆ. ಇಂಥ ಮೆಲುಹಾಡಿನಲ್ಲಂತೂ ಟೇಪಿನ ಒಡಕಿಗೆ ಹೆಚ್ಚು ಕೆಲಸವಿಲ್ಲ.

ನಿಜವಾಗಿ ಆ ಕಾಲವನ್ನು ನೆನಪಿಸುವುದು ಮಿತಿಗಳು. ಈ ಹಾಡು ತಲುಪಬೇಕಾಗಿದ್ದು ಎಎಂ ರೇಡಿಯೋ, ಕಾರಿನ ಒಂಟಿ ಸ್ಪೀಕರ್, ಜೂಕ್‌ಬಾಕ್ಸ್‌ಗಳನ್ನು, 45ರ ವೇಗದ ಸಣ್ಣ ತಟ್ಟೆಯ ಮೂಲಕ. ಅದು ಮೋನೋ ಲೋಕ. ಎಡ, ಬಲ ಎಂಬ ಆಸರೆ ಇಲ್ಲದಿದ್ದಾಗ ವಾದ್ಯಗಳನ್ನು ಬೇರ್ಪಡಿಸಲು ಉಳಿಯುವುದು ಮೂರೇ ದಾರಿ: ಸ್ವರಸ್ಥಾಯಿ, ಗಟ್ಟಿತನ, ದೂರ. ನಿಮ್ಮ ಮಿಕ್ಸನ್ನು ಒಂದೇ ಸ್ಪೀಕರಿನಲ್ಲಿ, ಮೋನೋದಲ್ಲೇ ಪೂರ್ತಿ ಕಟ್ಟಿ. ಸ್ಟೀರಿಯೋ ಬೇಕೇಬೇಕಿದ್ದರೆ ಎಲ್ಲ ಮುಗಿದ ಮೇಲೆ ಅನುರಣನವನ್ನಷ್ಟೇ ಅಗಲಿಸಿ. 10 ಕಿಲೋಹರ್ಟ್ಸ್ ಮೇಲಿನ ಮಿನುಗನ್ನು ಮೆಲ್ಲಗೆ ಇಳಿಸುವುದು ರಿಬ್ಬನ್ ಮೈಕ್‌ಗಳು ತಾವಾಗಿಯೇ ಮಾಡುತ್ತಿದ್ದ ಕೆಲಸ. ಅದನ್ನು ಯಾವ ಈಕ್ವಲೈಸರಿನಿಂದಲೂ ಮಾಡಬಹುದು. ಗಾಯಕನ ಏರಿಳಿತವನ್ನು ಕಂಪ್ರೆಸರಿಗೆ ಒಪ್ಪಿಸುವ ಬದಲು ಸಾಲು ಸಾಲಾಗಿ ಫೇಡರಿನಿಂದ ಸರಿದೂಗಿಸಿ. ರೀವ್ಸ್ ಅಂಥವರಿಗೆ ಇದೂ ಅಷ್ಟಾಗಿ ಬೇಕಿರಲಿಲ್ಲ, ಉದ್ಘೋಷಕನ ಶಿಸ್ತು ಅವರ ತುಟಿಯಲ್ಲೇ ಇತ್ತು.

ಹಾಡು ಮಾರುಕಟ್ಟೆಗೆ ಬಂದಾಗ ಕಂಪನಿ ಇದನ್ನು ತಟ್ಟೆಯ ಹಿಂಬದಿಗೆ ಹಾಕಿತ್ತು. ಮುಂಬದಿಯಲ್ಲಿದ್ದದ್ದು ‘ಇನ್ ಎ ಮ್ಯಾನ್ಶನ್ ಸ್ಟ್ಯಾಂಡ್ಸ್ ಮೈ ಲವ್’. ರೇಡಿಯೋದವರು ತಟ್ಟೆಯನ್ನು ತಿರುವಿ ಹಾಕಿದರು. 1960ರ ಫೆಬ್ರವರಿಯಿಂದ 14 ವಾರ ಇದು ಕಂಟ್ರಿ ಪಟ್ಟಿಯ ಮೊದಲ ಸ್ಥಾನದಲ್ಲಿತ್ತು, ಪಾಪ್ ಪಟ್ಟಿಯಲ್ಲಿ ಎರಡನೆಯ ಸ್ಥಾನ ತಲುಪಿತು. ರೀವ್ಸ್ 1964ರ ಜುಲೈ 31ರಂದು ನ್ಯಾಶ್‌ವಿಲ್ ಬಳಿ ವಿಮಾನ ಅಪಘಾತದಲ್ಲಿ ತೀರಿಕೊಂಡರು, ವಯಸ್ಸು 40. ಪೋರ್ಟರ್ ಮುಂದೆ ಮಯಾಮಿ ವಿಶ್ವವಿದ್ಯಾಲಯದಲ್ಲಿ ಧ್ವನಿ ಎಂಜಿನಿಯರಿಂಗ್ ಕಲಿಸಿದರು. ಸ್ಟುಡಿಯೋ 1977ರಲ್ಲಿ ಮುಚ್ಚಿತು, ಈಗ ಅದು ಸಂದರ್ಶಕರಿಗೆ ತೆರೆದಿದೆ.

ಇದು ಎಲ್ಲಿಗೆ ಅನ್ವಯಿಸುವುದಿಲ್ಲ

ಹಳೆಯ ಕಂಟ್ರಿ ಎಂದರೆ ಎಲ್ಲವೂ ಮೆಲುದನಿಯಲ್ಲ. ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡ್ ಶೈಲಿಯನ್ನು ಬಯಸುವವರು ಈ ಪ್ರಕರಣವನ್ನು ನಕಲು ಮಾಡಿದರೆ ನಿರಾಶರಾಗುತ್ತಾರೆ. ಬಕ್ ಓವೆನ್ಸ್ ಮತ್ತು ಡಾನ್ ರಿಚ್ ಅವರ ಟೆಲಿಕಾಸ್ಟರ್ ಗಿಟಾರ್‌ಗಳು ಕಾರಿನ ರೇಡಿಯೋದಲ್ಲಿ ಮೊನಚಾಗಿ ಚುಚ್ಚಬೇಕೆಂದೇ ನುಡಿದವು. ಅಲ್ಲಿ ಅನುರಣನ ಕಡಿಮೆ, ಡ್ರಮ್ಸ್ ಮುಂದೆ, ದನಿ ಎತ್ತರದಲ್ಲಿ. ಬೇರೆ ಶೈಲಿಗೆ ಹೋದಾಗ ನ್ಯಾಶ್‌ವಿಲ್‌ನ ಮೈಕ್ ದೂರವನ್ನಾಗಲಿ ಅನುರಣನದ ಪ್ರಮಾಣವನ್ನಾಗಲಿ ಹೊತ್ತೊಯ್ಯಬೇಡಿ. ಕೋಣೆಯಲ್ಲಿ ಯಾರು ಗಟ್ಟಿತನದ ಮಟ್ಟವನ್ನು ನಿಗದಿ ಮಾಡುತ್ತಿದ್ದಾರೆ ಎಂದು ಮೊದಲು ಕೇಳಿಸಿಕೊಳ್ಳಿ. ರೀವ್ಸ್ ಹಾಡಿನಲ್ಲಿ ಆ ಮಟ್ಟ ಗಾಯಕನದು. ಬೇಕರ್ಸ್‌ಫೀಲ್ಡ್ ಹಾಡಿನಲ್ಲಿ ಅದು ಗಿಟಾರ್ ಮತ್ತು ಸ್ನೇರ್ ಡ್ರಮ್ಮಿನದು, ಗಾಯಕ ಅವುಗಳ ಮೇಲೇರಿ ಹಾಡಬೇಕು. ಹಾಗಿದ್ದಾಗ ಗಾಯಕನನ್ನು ಮೈಕ್‌ನಿಂದ ಒಂದು ಅಡಿಯಷ್ಟು ಹಿಂದಕ್ಕೆ ನಿಲ್ಲಿಸಿ, ಗಿಟಾರ್ ಆಂಪ್ಲಿಫೈಯರನ್ನು ಅವನ ಮೈಕಿನ ಕಿವುಡು ಬದಿಗೆ ಸರಿಸಿ, ಎಲ್ಲರೂ ಒಬ್ಬರನ್ನೊಬ್ಬರು ನೋಡುವಂತೆ ಕೂರಿಸಿ, ಒಂದೇ ಸಲಕ್ಕೆ ನುಡಿಸಲು ಹೇಳಿ.